ಹಗ್ಗ ಬಿಡುವ ಮುಂಚೆ: ಇಂಟರ್ನ್‌ಶಿಪ್‌ಗೆ ಹೊರಟ ಆವನಿ ಹೋಬಳಿಯ ಮಕ್ಕಳಿಗೆ ಸೂಚನೆ

ಈ ಸೂಚನೆ ಆವನಿ ಹೋಬಳಿಯಿಂದ ಇಂಜಿನಿಯರಿಂಗ್, ಡಿಪ್ಲೊಮಾ ಓದಲು ಹೋಗಿರುವ ಹುಡುಗ ಹುಡುಗಿಯರಿಗೆ. ಅಷ್ಟೇ ಮುಖ್ಯವಾಗಿ ಅವರ ಅಪ್ಪ ಅಮ್ಮಂದಿರಿಗೆ. ಮಕ್ಕಳು ಇದನ್ನು ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿ ಹೇಳಬೇಕು.

ಶಿವರಾತ್ರಿ ಜಾತ್ರೆಯ ಹೊತ್ತಿಗೆ ಎಂಟನೇ ಸೆಮಿಸ್ಟರಿನ ಮಕ್ಕಳು ಊರಿಗೆ ಬರುತ್ತಾರೆ. ತೇರು ನಿಲ್ಲುವುದರೊಳಗೆ ನಾಲ್ಕು ಜನವಾದರೂ ನನ್ನನ್ನು ಹುಡುಕಿಕೊಂಡು ಬಂದು ಕೇಳುವುದು ಒಂದೇ ಮಾತು: "ಅಣ್ಣ, ಇಂಟರ್ನ್‌ಶಿಪ್ ಎಲ್ಲಿ ಮಾಡೋದು?" ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಸ್ಕೀಮಿನವರಿಗೆ ಕೊನೆಯ ವರ್ಷದಲ್ಲಿ 14ರಿಂದ 20 ವಾರಗಳ ಇಂಟರ್ನ್‌ಶಿಪ್ ಕಡ್ಡಾಯ, ಅದೊಂದಕ್ಕೇ 10 ಕ್ರೆಡಿಟ್. ಮಾಡದಿದ್ದರೆ ಡಿಗ್ರಿ ಕೈಗೆ ಬರುವುದಿಲ್ಲ. ಕಡ್ಡಾಯ ಅಂದ ಕೂಡಲೇ ಮಕ್ಕಳಿಗೆ ಗಾಬರಿ. ಆ ಗಾಬರಿಯ ಮೇಲೆಯೇ ದುಡ್ಡು ಮಾಡಲು ಕಾದಿರುವವರು ಬಹಳ ಮಂದಿ ಇದ್ದಾರೆ.

ಮೊದಲು ಒಂದು ಮಾತಿನ ಗೊಂದಲ ತೀರಿಸಿಕೊಳ್ಳಿ. ಕಾಲೇಜುಗಳಲ್ಲಿ ಈಗ 'ಪೇಯ್ಡ್ ಇಂಟರ್ನ್‌ಶಿಪ್' ಅನ್ನುವುದಕ್ಕೆ ಎರಡು ಅರ್ಥ ಓಡಾಡುತ್ತಿವೆ. ಕಂಪನಿ ನಿಮಗೆ ತಿಂಗಳು ತಿಂಗಳು ಸ್ಟೈಪೆಂಡ್ ಕೊಡುವುದು ಒಂದು. ನೀವೇ ಯಾವುದೋ ಟ್ರೈನಿಂಗ್ ಸೆಂಟರಿಗೆ ದುಡ್ಡು ಕಟ್ಟಿ ಸರ್ಟಿಫಿಕೇಟ್ ತರುವುದು ಇನ್ನೊಂದು. ಎರಡನೆಯದು ಇಂಟರ್ನ್‌ಶಿಪ್ ಅಲ್ಲ, ಕೋಚಿಂಗ್. ಕಲಿಯುವ ಆಸೆ, ಕಟ್ಟುವ ಶಕ್ತಿ ಎರಡೂ ಇದ್ದರೆ ಕೋಚಿಂಗ್ ಎಂದು ತಿಳಿದೇ ಸೇರಿಕೊಳ್ಳಿ. ಇಂಟರ್ನ್‌ಶಿಪ್ ಅಂದಮೇಲೆ ಮಾತ್ರ ದುಡ್ಡು ಬರಬೇಕಾದ್ದು ಅಲ್ಲಿಂದ ನಿಮಗೆ.

ಮಾಡಬಾರದ್ದು

ಇಂಟರ್ನ್‌ಶಿಪ್ ಸಿಗಲೆಂದು ಒಂದು ರೂಪಾಯಿಯನ್ನೂ ಕೊಡಬೇಡಿ. ರಿಜಿಸ್ಟ್ರೇಷನ್ ಫೀಸ್, ಲ್ಯಾಪ್‌ಟಾಪ್ ಡೆಪಾಸಿಟ್, ಐಡಿ ಕಾರ್ಡ್ ಚಾರ್ಜು, ವೆರಿಫಿಕೇಷನ್ ಚಾರ್ಜು, ಮೊದಲ ತಿಂಗಳ ಸ್ಟೈಪೆಂಡ್ ಜೊತೆ ವಾಪಸ್ ಕೊಡುತ್ತೇವೆ ಅನ್ನುವ ಅಡ್ವಾನ್ಸು: ಹೆಸರು ಏನೇ ಇರಲಿ, ಕೊಡಕೂಡದು. ಹೋದ ವರ್ಷ ನಮ್ಮ ಊರಿನ ಒಬ್ಬ ಹುಡುಗಿ ಮೊಬೈಲಿನಲ್ಲಿ ಆಫರ್ ಲೆಟರ್ ತಂದು ತೋರಿಸಿದಳು. ದೊಡ್ಡ ಹೆಸರಿನ ಕಂಪನಿ, ತಿಂಗಳಿಗೆ 25,000 ಸ್ಟೈಪೆಂಡ್, ಮನೆಯಿಂದಲೇ ಕೆಲಸ. ಅವಳ ಅಮ್ಮ ಆಗಲೇ ಅಕ್ಕಪಕ್ಕದವರಿಗೆ ಸಕ್ಕರೆ ಹಂಚಿದ್ದರು. ಇಬ್ಬರೂ ಕೂತು ಆ ಕಾಗದವನ್ನು ದೊಡ್ಡದು ಮಾಡಿ ನೋಡಿದೆವು. ಲೋಗೋ ಅಂಚಿನಲ್ಲಿ ಮಸುಕಾಗಿತ್ತು. ಮೇಲ್ ಬಂದದ್ದು ಜಿಮೇಲಿನಿಂದ. ಹದಿನೈದು ವರ್ಷದ ಅನುಭವದ ಸಂಸ್ಥೆ ಎಂದು ಬರೆದುಕೊಂಡಿದ್ದರು, ಕೆಳಗೆ ಕೊಟ್ಟಿದ್ದ ಸಿಐಎನ್ ಸಂಖ್ಯೆಯೊಳಗೆ 2024 ಎಂದಿತ್ತು. ಕೊನೆಯ ಪುಟದಲ್ಲಿ 2,499 ರೂಪಾಯಿಗೆ ಒಂದು ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿದರೆ ಬಂದದ್ದು ಕಂಪನಿಯ ಹೆಸರಲ್ಲ, ಯಾರೋ ಒಬ್ಬ ವ್ಯಕ್ತಿಯ ಹೆಸರು. ಆ ಹುಡುಗಿ ಅಳಲಿಲ್ಲ. "ಅಮ್ಮನಿಗೆ ಹೇಗಣ್ಣ ಹೇಳಲಿ" ಅಂದಳು. ಅದು ನನಗೆ ಇನ್ನೂ ಕಷ್ಟವಾಯಿತು.

ಆ ಸಿಐಎನ್ ನೋಡುವುದನ್ನು ಎಲ್ಲರೂ ಕಲಿಯಿರಿ. ನೋಂದಾಯಿತ ಕಂಪನಿಗೆ ಅಕ್ಷರ, ಅಂಕಿ ಸೇರಿ ಒಟ್ಟು 21 ಸ್ಥಾನದ ಸಂಖ್ಯೆ ಇರುತ್ತದೆ. ಅದರ ನಡುವೆ ರಾಜ್ಯದ ಎರಡಕ್ಷರ ಮತ್ತು ನೋಂದಣಿಯಾದ ವರ್ಷ ಇರುತ್ತವೆ. ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಕಂಪನಿಯ ಹೆಸರು, ವಿಳಾಸ ಸರಿ ಇದೆಯೇ ಎಂದು ಹೋಲಿಸಿ ನೋಡಬಹುದು. ಸರಿಯಾಗಿದ್ದರೂ ಅದೊಂದನ್ನೇ ನಂಬಬೇಡಿ. ಅಸಲಿ ಕಂಪನಿಯ ಸಂಖ್ಯೆಯನ್ನು ಕದ್ದು ಹಾಕುವವರೂ ಇದ್ದಾರೆ. ಕಂಪನಿಯ ಸ್ವಂತ ತಾಣದಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಿ. ಆಫರ್ ಲೆಟರಿನಲ್ಲಿ ಕೊಟ್ಟಿರುವ ನಂಬರಿಗೆ ಮಾಡಬೇಡಿ.

ಈಗಾಗಲೇ ದುಡ್ಡು ಕಳಿಸಿ ಮೋಸ ಹೋಗಿದ್ದರೆ ನಾಚಿಕೊಂಡು ಕೂರಬೇಡಿ. ಆ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ತಿಳಿಸಿದರೆ ದುಡ್ಡು ದಾಟುವ ಮುಂಚೆ ಖಾತೆ ತಡೆಯಲು ಅಷ್ಟು ಅವಕಾಶ. ಅಪ್ಪ ಬೈಯುತ್ತಾರೆಂದು ಎರಡು ದಿನ ಸುಮ್ಮನಿದ್ದವರ ದುಡ್ಡು ಸಿಗುವುದು ಕಷ್ಟ.

ಅಸಲಿ ಮಾರ್ಕ್ಸ್ ಕಾರ್ಡ್ ಯಾರ ಕೈಗೂ ಕೊಟ್ಟು ಬರಬೇಡಿ. ತೋರಿಸಿ, ಹೋಲಿಸಿ ನೋಡಲಿ, ವಾಪಸ್ ತನ್ನಿ, ಜೆರಾಕ್ಸ್ ಕೊಡಿ. ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ಸಹಿ ಬೇಡ. ಮಧ್ಯದಲ್ಲಿ ಬಿಟ್ಟರೆ ಇಷ್ಟು ಲಕ್ಷ ಕಟ್ಟಬೇಕು ಎಂಬ ಬಾಂಡಿಗೆ ವಿದ್ಯಾರ್ಥಿಯಾಗಿದ್ದಾಗ ಸಹಿ ಹಾಕಲೇಬೇಡಿ.

ಸರ್ಟಿಫಿಕೇಟ್ ಕೊಳ್ಳಬೇಡಿ. ಇದನ್ನು ಬಿಗಿಯಾಗಿಯೇ ಹೇಳುತ್ತಿದ್ದೇನೆ. ಕೆಲಸ ಮಾಡದೆ ಹಳೆಯ ತಾರೀಖು ಹಾಕಿ ಕಾಗದ ಕೊಡುವವರು ಸಿಗುತ್ತಾರೆ, ಅದನ್ನು ತಂದ ಮಕ್ಕಳೂ ನನಗೆ ಗೊತ್ತು. ಇಂಟರ್‌ವ್ಯೂನಲ್ಲಿ "ಅಲ್ಲಿ ಏನು ಮಾಡಿದಿರಿ" ಎಂದು ಕೇಳಿದಾಗ ಅವರ ಬಾಯಿ ಕಟ್ಟುತ್ತದೆ. ನರಸಾಪುರದ ಯಾವ ಸಣ್ಣ ಶೆಡ್ಡಿನಲ್ಲಾದರೂ ಎರಡು ತಿಂಗಳು ನಿಜವಾಗಿ ಗೇಜು ಹಿಡಿದು ಪಾರ್ಟು ಅಳೆದವನು ಅವರಿಗಿಂತ ಎಷ್ಟೋ ಮುಂದೆ ಇರುತ್ತಾನೆ.

ಟವಲ್ಲಿನ ಕೆಳಗಿನ ಮಾತು

ನಮ್ಮ ಜಾತ್ರೆಗೆ ತೇರಿನಷ್ಟೇ ದನಗಳದ್ದೂ ಹೆಸರು. ಎತ್ತಿನ ವ್ಯಾಪಾರವನ್ನು ಟವಲ್ಲಿನ ಕೆಳಗೆ ಬೆರಳು ಹಿಡಿದು ಮಾಡುವುದನ್ನು ನೀವೆಲ್ಲ ನೋಡಿದ್ದೀರಿ. ನನ್ನ ಮೊದಲ ಇಂಟರ್ನ್‌ಶಿಪ್ ಹಾಗೇ ಆಯಿತು. ಬೆಂಗಳೂರಿನ ಒಂದು ಸಣ್ಣ ಆಫೀಸು. "ಎಂಟು ಸಾವಿರ ನೋಡ್ಕೋತೀವಿ, ಕೆಲಸ ನೋಡಿ ಜಾಸ್ತಿ ಮಾಡ್ತೀವಿ" ಎಂದು ಬಾಯಲ್ಲಿ ಹೇಳಿದರು. ನಾಲ್ಕು ತಿಂಗಳು ಹೋದೆ. ಪಿಜಿ ಬಾಡಿಗೆ ಊರಿನಿಂದ ತರಿಸಿಕೊಂಡೆ. ಮೊದಲ ತಿಂಗಳು ಅಕೌಂಟೆಂಟ್ ರಜೆ, ಎರಡನೇ ತಿಂಗಳು ಕ್ಲೈಂಟ್ ದುಡ್ಡು ಬಂದಿಲ್ಲ, ಮೂರನೇ ತಿಂಗಳು ಕೇಳಿದ್ದಕ್ಕೇ ಮುಖ ಸಪ್ಪೆ. ನಾಲ್ಕನೆಯ ತಿಂಗಳ ಕೊನೆಗೆ ಸರ್ಟಿಫಿಕೇಟ್ ಕೈಗೆ ಬಂತು, ದುಡ್ಡು ಬರಲಿಲ್ಲ. ಊರಿಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಆ ವರ್ಷ ಜಾತ್ರೆಯಲ್ಲಿ ಜೋಡಿ ಎತ್ತು ಮಾರಿದ್ದರು. ಬೈಯಲಿಲ್ಲ. "ಬೆರಳಲ್ಲಿ ರೇಟು ಮಾತಾಡ್ತೀವಿ ನಿಜ ಕಣೋ. ಆದರೆ ಕಾಸು ಎಣಿಸಿ ಇಸ್ಕೊಳ್ಳೋವರೆಗೂ ಹಗ್ಗ ಬಿಡಲ್ಲ. ನೀನು ಮೊದಲ ದಿನವೇ ಹಗ್ಗ ಕೊಟ್ಟುಬಿಟ್ಟಿದ್ದೀಯ" ಅಂದರು. ಅವರು ಓದಿದ್ದು ನಾಲ್ಕನೇ ಕ್ಲಾಸು.

ಮಾಡಬೇಕಾದ್ದು

ಸೇರುವ ಮುಂಚೆ ಎಲ್ಲವನ್ನೂ ಬರಹದಲ್ಲಿ ಪಡೆಯಿರಿ. ತಿಂಗಳಿಗೆ ಎಷ್ಟು, ಯಾವ ತಾರೀಖಿಗೆ, ಯಾರ ಖಾತೆಯಿಂದ, ಎಷ್ಟು ವಾರ, ದಿನಕ್ಕೆ ಎಷ್ಟು ಗಂಟೆ, ಕೆಲಸ ಕಲಿಸುವವರ ಹೆಸರೇನು. ದೊಡ್ಡ ಅಗ್ರಿಮೆಂಟ್ ಬೇಕಿಲ್ಲ. ಕಂಪನಿಯ ಮೇಲಿನಿಂದ ನಾಲ್ಕು ಸಾಲು ಬಂದರೂ ಸಾಕು. ಬಾಯಲ್ಲಿ ಹೇಳಿ ಬರೆದುಕೊಡಲು ಹಿಂದೆ ಮುಂದೆ ನೋಡಿದರೆ ನೀವೇ ಒಂದು ಮೇಲ್ ಹಾಕಿ: "ಸಾರ್, ಇವತ್ತು ಮಾತಾಡಿದ ಪ್ರಕಾರ ಸ್ಟೈಪೆಂಡ್ ಇಷ್ಟು, ಇಂಥ ತಾರೀಖಿನಿಂದ ಬರುತ್ತೇನೆ, ಸರಿ ಇದೆಯೇ ತಿಳಿಸಿ." ಉತ್ತರ ಬಂದರೆ ಅದೇ ಕಾಗದ. ಉತ್ತರ ಬಾರದಿದ್ದರೆ ಹೋಗಬೇಡಿ. ಕೇಳಲು ಸಂಕೋಚ ಬೇಡ. ನಮ್ಮ ರಾಮಲಿಂಗೇಶ್ವರ ಗುಡಿಯ ಆವರಣದಲ್ಲಿ ನೊಳಂಬರ ಕಾಲದ ಶಾಸನಗಳಿವೆ. ದತ್ತಿ ಕೊಟ್ಟವರೇ ಅದನ್ನು ಕಲ್ಲಿನಲ್ಲಿ ಬರೆಸಿ ನಿಲ್ಲಿಸಿದ್ದಾರೆ. ಕೊಡುವ ಮನಸ್ಸಿರುವವರಿಗೆ ಬರೆದುಕೊಡುವುದು ಭಾರವಲ್ಲ.

ದಿನದ ಲೆಕ್ಕ ನೀವೇ ಇಡಿ. ಮನೆಯಲ್ಲಿ ಅಮ್ಮ ಬೆಳಗ್ಗೆ ಡೇರಿಗೆ ಹಾಲು ಹಾಕಿ ಬರುವಾಗ ಚೀಟಿ ತರುತ್ತಾರಲ್ಲ, ಎಷ್ಟು ಲೀಟರು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು. ಬಟವಾಡೆಯ ದಿನ ಆ ಚೀಟಿಗಳನ್ನು ಮುಂದಿಟ್ಟುಕೊಂಡೇ ಲೆಕ್ಕ ನೋಡುತ್ತಾರೆ. ಹಾಗೆಯೇ ಒಂದು ನೋಟ್‌ಬುಕ್ ಇಡಿ: ಬಂದ ಹೊತ್ತು, ಹೋದ ಹೊತ್ತು, ಮಾಡಿದ ಕೆಲಸ, ಮಾಡಿಸಿದವರ ಹೆಸರು. ಕಾಲೇಜಿಗೆ ಕೊಡಬೇಕಾದ ಡೈರಿಗೂ ಅದೇ ಆಧಾರವಾಗುತ್ತದೆ. ಕಂಪನಿಯ ಆ್ಯಪಿನಲ್ಲಿ ಹಾಜರಾತಿ ಇದ್ದರೆ ವಾರಕ್ಕೊಮ್ಮೆ ಅದರ ಸ್ಕ್ರೀನ್‌ಶಾಟ್ ತೆಗೆದಿಡಿ.

ಇದು ಅತಿಯಾಯಿತು ಅನ್ನುವವರು ನರಸಾಪುರವನ್ನು ನೆನೆಸಿಕೊಳ್ಳಬೇಕು. 2020ರ ಡಿಸೆಂಬರ್ 12ರ ಬೆಳಗ್ಗೆ ಅಲ್ಲಿನ ವಿಸ್ಟ್ರಾನ್ ಕಾರ್ಖಾನೆಯಲ್ಲಿ, ಐಫೋನ್ ಜೋಡಿಸುವ ಜಾಗದಲ್ಲಿ, ದಾಂಧಲೆ ನಡೆಯಿತು. ಅದಕ್ಕೆ ಮುಂಚೆ ಕೆಲವೇ ತಿಂಗಳಲ್ಲಿ ಅಲ್ಲಿ ಕೆಲಸಗಾರರ ಸಂಖ್ಯೆ 10,500ರ ಹತ್ತಿರಕ್ಕೆ ಏರಿತ್ತು. ಬಹುಪಾಲು ಮಂದಿ ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಅಕ್ಟೋಬರಿನಲ್ಲಿ ಎಂಟು ಗಂಟೆಯ ಪಾಳಿ ಹನ್ನೆರಡು ಗಂಟೆಯಾಯಿತು, ಹಾಜರಾತಿ ಲೆಕ್ಕ ಕೆಟ್ಟಿತು, ದುಡಿದಷ್ಟು ದಿನದ ದುಡ್ಡು ಬರಲಿಲ್ಲ. ಇಂಜಿನಿಯರಿಂಗ್ ಪದವೀಧರರಿಗೆ 21,000 ಎಂದು ಹೇಳಿ 16,000, ಆಮೇಲೆ 12,000ಕ್ಕೆ ಇಳಿಸಿದರೆಂಬ ದೂರು ಆಗ ಪತ್ರಿಕೆಗಳಲ್ಲಿ ಬಂತು. ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಹೋಗಿರಲಿಲ್ಲ ಎಂದು ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು. ಆಪಲ್ ಸಂಸ್ಥೆ ಅದಕ್ಕೆ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. ಇತ್ತ ಪೊಲೀಸರು ನೂರಕ್ಕೂ ಹೆಚ್ಚು ಜನರನ್ನು ಹಿಡಿದರು. ನಮ್ಮ ಸುತ್ತಮುತ್ತಲಿನ ಮನೆಗಳ ಹುಡುಗರ ಹೆಸರು ಸ್ಟೇಷನ್ ಪುಸ್ತಕಕ್ಕೆ ಹೋಯಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಎಲೆಕ್ಟ್ರಾನಿಕ್ಸ್ ಕೈಗೆ ಬಂತು.

ಅಲ್ಲಿಂದ ನಾವು ಕಲಿತುಕೊಳ್ಳಬೇಕಾದ್ದು ಇಷ್ಟು. ನಿಮಗೆ ದುಡ್ಡು ಕೊಡುವವರು ಗೇಟಿನ ಮೇಲೆ ಹೆಸರಿರುವ ಕಂಪನಿಯೋ, ನಡುವಿನ ಏಜೆನ್ಸಿಯೋ ಎಂದು ಮೊದಲ ದಿನವೇ ಕೇಳಿ ತಿಳಿಯಿರಿ. ಹಾಜರಾತಿಯಲ್ಲಿ ಒಂದು ದಿನ ತಪ್ಪಿದರೂ ಆ ವಾರದಲ್ಲೇ ಮೇಲ್ ಹಾಕಿ. ಒಂದು ತಿಂಗಳ ದುಡ್ಡು ನಿಂತರೆ ಕಾಲೇಜಿನ ಪ್ಲೇಸ್‌ಮೆಂಟ್ ಅಧಿಕಾರಿಗೆ ಬರಹದಲ್ಲಿ ತಿಳಿಸಿ. ಎರಡನೆಯ ತಿಂಗಳಿಗೆ ಕಾಯಬೇಡಿ. ಎಷ್ಟೇ ಸಿಟ್ಟು ಬಂದರೂ ಕಲ್ಲಿಗೆ ಕೈ ಹಾಕಬೇಡಿ. ನಿಮ್ಮ ಕಡೆ ನ್ಯಾಯ ಇದ್ದಾಗ ಕೇಸು ನಿಮ್ಮ ಮೇಲೆ ಬೀಳುವುದನ್ನು ನೋಡುವ ಶಕ್ತಿ ನಮಗ್ಯಾರಿಗೂ ಇಲ್ಲ.

ಅಪ್ರೆಂಟಿಸ್‌ಶಿಪ್ ಬೇರೆ, ಇಂಟರ್ನ್‌ಶಿಪ್ ಬೇರೆ

ಇದು ನಮ್ಮ ಕಡೆಯ ಮಕ್ಕಳಿಗೆ ಗೊತ್ತಿಲ್ಲದಿರುವುದೇ ಹೆಚ್ಚು, ಆದ್ದರಿಂದ ನಿಧಾನವಾಗಿ ಓದಿ. ಕಾಲೇಜಿನಲ್ಲಿ ಇರುವಾಗ ಮಾಡುವುದು ಇಂಟರ್ನ್‌ಶಿಪ್. ಅದಕ್ಕೆ ಇಷ್ಟು ಸ್ಟೈಪೆಂಡ್ ಕೊಡಲೇಬೇಕು ಎಂದು ಹಿಡಿದು ಕೇಳುವಂಥ ಕಾನೂನಿನ ಬಲ ಕಡಿಮೆ, ಬರೆಸಿಕೊಂಡದ್ದೇ ಬಲ. ಡಿಗ್ರಿ, ಡಿಪ್ಲೊಮಾ ಮುಗಿದ ಮೇಲೆ ಮಾಡುವ ಅಪ್ರೆಂಟಿಸ್‌ಶಿಪ್‌ಗೆ 1961ರ ಅಪ್ರೆಂಟಿಸಸ್ ಕಾಯ್ದೆ ಇದೆ. 30 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇಕಡ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಅಂದರೆ ನರಸಾಪುರ, ವೇಮಗಲ್, ಮಾಲೂರಿನ ಹೆಚ್ಚಿನ ಕಾರ್ಖಾನೆಗಳು, ಕೆಜಿಎಫ್‌ನ ಬಿಇಎಂಎಲ್ ಎಲ್ಲವೂ ಇದರೊಳಗೆ ಬರುತ್ತವೆ. ಹೋಗಿ ಕೇಳುವುದು ದಯೆ ಬೇಡಿದಂತಲ್ಲ.

2019ರ ನಿಯಮದಂತೆ ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ, ಡಿಪ್ಲೊಮಾದವರಿಗೆ 8,000. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಲ್ಲಿ (ನ್ಯಾಟ್ಸ್) ಸೇರಿದರೆ ಈ ಕನಿಷ್ಠ ಮೊತ್ತದ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಮೊತ್ತವನ್ನು ಶೇಕಡ 36ರಷ್ಟು ಏರಿಸಬೇಕೆಂದು 2025ರಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಶಿಫಾರಸು ಮಾಡಿದೆ; ಆದ್ದರಿಂದ ಸಹಿ ಹಾಕುವ ದಿನ ಯಾವ ಮೊತ್ತ ಜಾರಿಯಲ್ಲಿದೆ ಎಂದು ನೋಡಿಕೊಂಡೇ ಸಹಿ ಹಾಕಿ. ಒಪ್ಪಂದ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲಿನಲ್ಲಿ ನೋಂದಣಿಯಾಗಬೇಕು. ನೋಂದಣಿ ಆಗದ 'ಅಪ್ರೆಂಟಿಸ್' ಎಂಬ ಹೆಸರಿಗೆ ಬೆಲೆ ಇಲ್ಲ. ಕೆಲಸದ ಜಾಗದಲ್ಲಿ ಕೈಕಾಲಿಗೆ ಪೆಟ್ಟಾದರೆ ಪರಿಹಾರದ ಹೊಣೆ ಸಂಸ್ಥೆಯದು. ಅವಧಿ ಮುಗಿದ ಮೇಲೆ ಅಲ್ಲೇ ಕೆಲಸ ಕೊಡಬೇಕೆಂಬ ಕಡ್ಡಾಯ ಮಾತ್ರ ಇಲ್ಲ. ಅದನ್ನು ನಂಬಿ ಸಾಲ ಮಾಡಬೇಡಿ.

ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. 2024ರ ಅಕ್ಟೋಬರಿನಲ್ಲಿ ಶುರುವಾದದ್ದು. ಶುರುವಾದಾಗ ತಿಂಗಳಿಗೆ 5,000, ಒಮ್ಮೆ 6,000, ಹನ್ನೆರಡು ತಿಂಗಳು ಎಂದಿತ್ತು. ಆದರೆ ಆ ಶುರುವಿನ ನಿಯಮದಂತೆ ರೆಗ್ಯುಲರ್ ಕಾಲೇಜಿಗೆ ಹೋಗುತ್ತಿರುವವರಿಗೆ ಅದು ಅಲ್ಲ. "ಕಾಲೇಜಿನಲ್ಲಿ ಇದ್ದರೂ ಹಾಕಿಸಿಕೊಡ್ತೀನಿ" ಎಂದು ಸೈಬರ್ ಸೆಂಟರಿನವರು ದುಡ್ಡು ಕೇಳಿದರೆ ಎದ್ದು ಬನ್ನಿ.

ಎಲ್ಲಿ ಹುಡುಕಬೇಕು

ಕಾಲೇಜಿನ ಪ್ಲೇಸ್‌ಮೆಂಟ್ ಕೊಠಡಿ ಮೊದಲು, ವಿಟಿಯು ಮತ್ತು ಎಐಸಿಟಿಇಗಳ ಇಂಟರ್ನ್‌ಶಿಪ್ ಪೋರ್ಟಲ್ ಆಮೇಲೆ, ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದ ಲಿಂಕ್ ಎಲ್ಲಕ್ಕಿಂತ ಕೊನೆಗೆ. ಸರ್ಕಾರಿ ಪೋರ್ಟಲಿನಲ್ಲಿ ಕಂಡ ಮಾತ್ರಕ್ಕೆ ಕಂಪನಿ ಒಳ್ಳೆಯದು ಎಂದಲ್ಲ. ಮೇಲೆ ಹೇಳಿದ ತಪಾಸಣೆ ಅಲ್ಲಿಯೂ ಮಾಡಿ.

ಓದಿನಲ್ಲಿ ಮುಂದಿರುವ ಮಕ್ಕಳು ಎರಡನೇ ಮೂರನೇ ವರ್ಷದಲ್ಲೇ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಬೇಸಿಗೆ ಫೆಲೋಶಿಪ್, ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ ಇವುಗಳಿಗೆ ಅರ್ಜಿ ಹಾಕಬೇಕು. ಎರಡರಲ್ಲೂ ಸ್ಟೈಪೆಂಡ್ ಇದೆ. ಬೇಸಿಗೆ ಬರಲಿ ಎಂದು ಕಾದರೆ ಅರ್ಜಿಯ ಕಾಲ ಮುಗಿದಿರುತ್ತದೆ. ದೀಪಾವಳಿ ಕಳೆದ ಮೇಲಿಂದಲೇ ನೋಡುತ್ತಿರಿ. ನಮ್ಮ ಹಳ್ಳಿಯ ಮಕ್ಕಳು ಇಲ್ಲಿ ಅರ್ಜಿಯನ್ನೇ ಹಾಕುವುದಿಲ್ಲ, "ಅದೆಲ್ಲ ದೊಡ್ಡ ಕಾಲೇಜಿನವರಿಗೆ" ಅನ್ನುತ್ತಾರೆ. ಹಾಗೆ ಅನ್ನಬೇಡಿ. ಹಾಕಿ.

ಸ್ಟೈಪೆಂಡ್ ಇಲ್ಲದ ಇಂಟರ್ನ್‌ಶಿಪ್ ಎಲ್ಲವೂ ಮೋಸವೇ? ಅಲ್ಲ. ಕೆಲವು ಸರ್ಕಾರಿ ಪ್ರಯೋಗಾಲಯಗಳು ದುಡ್ಡು ಕೊಡುವುದಿಲ್ಲ, ಕಲಿಸುತ್ತವೆ. ನಲವತ್ತೈದು ದಿನದ ಊಟ, ಬಸ್ಸಿನ ಖರ್ಚು ಮನೆಗೆ ತಡೆಯುವುದಾದರೆ ಹೋಗಿ. ಲಾಭಕ್ಕೆ ನಡೆಯುವ ಕಂಪನಿ ನಿಮ್ಮಿಂದ ಆರು ತಿಂಗಳು ಕೋಡ್ ಬರೆಸಿಕೊಂಡು ಕೈ ಬೀಸಿದರೆ ಅದನ್ನು ಅನುಭವ ಎಂದು ಸಮಾಧಾನ ಮಾಡಿಕೊಳ್ಳಬೇಡಿ.

ಹೆಣ್ಣುಮಕ್ಕಳಿಗೆ, ಅವರ ಮನೆಯವರಿಗೆ

ದೂರ ಎಂದು ಬಿಡಿಸಬೇಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಮುಳಬಾಗಿಲು, ಕೋಲಾರ ದಾಟಿ ನರಸಾಪುರಕ್ಕೆ ಹೋಗಿ ಬರುವ ಖರ್ಚು ಉಳಿಯುತ್ತದೆ. ಕೇಳಬೇಕಾದ್ದು ಬೇರೆ: ಪಾಳಿ ಎಷ್ಟು ಗಂಟೆಗೆ ಮುಗಿಯುತ್ತದೆ, ಕಂಪನಿ ಬಸ್ಸು ಎಲ್ಲಿಯವರೆಗೆ ಬಿಡುತ್ತದೆ, ಅಲ್ಲಿಂದ ಊರಿಗೆ ಬರಲು ಆ ಹೊತ್ತಿನಲ್ಲಿ ಬಸ್ಸು ಇದೆಯೇ. ಕೊನೆಯ ಬಸ್ಸು ತಪ್ಪುವ ಪಾಳಿಯಾದರೆ ಕೋಲಾರದಲ್ಲಿ ಉಳಿಯುವ ಜಾಗ ಗೊತ್ತು ಮಾಡಿಕೊಂಡೇ ಒಪ್ಪಿಕೊಳ್ಳಿ.

ಕೆಲಸದ ಜಾಗದಲ್ಲಿನ ಲೈಂಗಿಕ ಕಿರುಕುಳದ ವಿರುದ್ಧದ 2013ರ ಕಾಯ್ದೆ ಟ್ರೈನಿಗಳಿಗೂ ಅಪ್ರೆಂಟಿಸ್‌ಗಳಿಗೂ ಅನ್ವಯಿಸುತ್ತದೆ. "ನೀನು ಬರೀ ಇಂಟರ್ನ್" ಎಂದು ಯಾರೂ ಬಾಯಿ ಮುಚ್ಚಿಸಲಾಗದು. ಹತ್ತು ಜನ ಇರುವ ಜಾಗದಲ್ಲಿ ಆಂತರಿಕ ಸಮಿತಿ ಇರಲೇಬೇಕು. ಸಣ್ಣ ಜಾಗವಾದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇದೆ. ದೂರನ್ನು ಮೂರು ತಿಂಗಳೊಳಗೆ ಬರಹದಲ್ಲಿ ಕೊಡಿ. ಮಗಳು ಹೇಳಿದಾಗ ಮೊದಲು ಅವಳ ಮಾತು ಪೂರ್ತಿ ಕೇಳಿ; ಕೆಲಸ ಬಿಡು ಎಂದು ಅಲ್ಲಿಗೇ ಮುಗಿಸಬೇಡಿ.

ದುಡ್ಡು ಬಂದ ಮೇಲೆ, ಬಾರದಿದ್ದರೆ

ಸ್ಟೈಪೆಂಡನ್ನು ನಿಮ್ಮ ಹೆಸರಿನ ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ. ಕೈಯಲ್ಲಿ ಕೊಟ್ಟರೆ ಗುರುತು ಉಳಿಯುವುದಿಲ್ಲ. ಟಿಡಿಎಸ್ ಹಿಡಿದಿದ್ದರೆ ಅದರ ಫಾರಂ ಕೇಳಿ. ವರ್ಷದ ಒಟ್ಟು ಆದಾಯ ತೆರಿಗೆ ಮಿತಿಯೊಳಗಿದ್ದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು. ಪ್ಯಾನ್ ಮೊದಲೇ ಮಾಡಿಸಿಡಿ.

ನೋಂದಾಯಿತ ಅಪ್ರೆಂಟಿಸ್‌ಗೆ ದುಡ್ಡು ನಿಂತರೆ ಚೆನ್ನೈನಲ್ಲಿರುವ ದಕ್ಷಿಣ ವಲಯದ ಅಪ್ರೆಂಟಿಸ್‌ಶಿಪ್ ತರಬೇತಿ ಮಂಡಳಿಗೆ ದೂರು ಕೊಡಿ. ಬರೀ ಇಂಟರ್ನ್‌ಶಿಪ್ ಆಗಿದ್ದರೆ ಕಾಲೇಜಿನ ಪ್ರಾಂಶುಪಾಲರ ಮೂಲಕ ಕಂಪನಿಗೆ ಪತ್ರ ಹೋಗಲಿ. ಮುಂದಿನ ವರ್ಷವೂ ಅದೇ ಕಾಲೇಜಿನ ಮಕ್ಕಳು ಬೇಕಿರುವ ಕಂಪನಿ ಆ ಪತ್ರವನ್ನು ಕಡೆಗಣಿಸುವುದು ಕಷ್ಟ. ಅದಕ್ಕೂ ಬಗ್ಗದಿದ್ದರೆ ಕೋಲಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಕೇಳದೆ ಉಚಿತ ವಕೀಲರ ನೆರವು ಸಿಗುತ್ತದೆ. ಫೋನಿನಲ್ಲಾದರೆ 15100. ನಿಮ್ಮ ನೋಟ್‌ಬುಕ್ಕು, ಮೇಲುಗಳು, ಸ್ಕ್ರೀನ್‌ಶಾಟುಗಳು ಕೆಲಸಕ್ಕೆ ಬರುವುದು ಆಗಲೇ.

ಭಾನುವಾರ ಬೆಳಗ್ಗೆ ನಾನು ಊರಿನಲ್ಲಿರುತ್ತೇನೆ. ಆಫರ್ ಲೆಟರ್ ಬಂದವರು ಅದನ್ನು ಪ್ರಿಂಟ್ ತೆಗೆಸಿಕೊಂಡು ನಮ್ಮ ಮನೆ ಜಗಲಿಗೆ ಬನ್ನಿ, ಅಪ್ಪನನ್ನೋ ಅಮ್ಮನನ್ನೋ ಜೊತೆಗೆ ಕರೆದುಕೊಂಡು ಬನ್ನಿ. ಒಂದೊಂದು ಸಾಲೂ ಓದೋಣ. ಸಹಿ ಹಾಕುವ ಮುಂಚೆ ಬನ್ನಿ.